ಚೆಂಡು ಕೈತಪ್ಪಿದ್ದು ಎಲ್ಲಿ? ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೊಂದರ ಪ್ರಕರಣ ಅಧ್ಯಯನ

ಮೂರನೇ ಕ್ವಾರ್ಟರ್ ಶುರುವಾಗಿ ಎರಡು ನಿಮಿಷ ಕೂಡ ಆಗಿರಲಿಲ್ಲ. ನಾವು ಐದು ಪಾಯಿಂಟ್ ಮುಂದಿದ್ದೆವು. ಎದುರಾಳಿಗಳು ಒಂದು ಬಾಸ್ಕೆಟ್ ಹಾಕಿದರು. ಹಾಕಿದವರು ವಾಪಸ್ ಓಡಲಿಲ್ಲ, ಅಲ್ಲೇ ನಿಂತು ಪ್ರೆಸ್ ಶುರು ಮಾಡಿದರು, ಅಂದರೆ ಚೆಂಡು ಮುಂದಕ್ಕೆ ಬರದ ಹಾಗೆ ನಮ್ಮ ಕಡೆಯಲ್ಲೇ ಅಡ್ಡಗಟ್ಟಿದರು. ಚೆಂಡನ್ನು ಮುಂದಕ್ಕೆ ಒಯ್ಯುವ ನಮ್ಮ ಪಾಯಿಂಟ್ ಗಾರ್ಡ್, ನಾಲ್ಕನೇ ನಂಬರಿನ ಹುಡುಗಿ, ಮೂಲೆಯಲ್ಲಿ ಚೆಂಡು ಹಿಡಿದಳು. ಇಬ್ಬರು ಓಡಿ ಬಂದು ಮುತ್ತಿಕೊಂಡರು. ಅವಳು ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ಅತ್ತ ನೋಡಿದಳು, ಇತ್ತ ನೋಡಿದಳು. ಕೊನೆಗೆ ಕೋರ್ಟಿನ ನಡುವಿಗೆ ಎತ್ತರಕ್ಕೆ ಎಸೆದಳು. ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತಿನಲ್ಲಿ ಎದುರಾಳಿ ಹುಡುಗಿ ಆರಾಮಾಗಿ ಬಂದು ಹಿಡಿದಳು, ಬಾಸ್ಕೆಟ್ ಹತ್ತಿರಕ್ಕೇ ಓಡಿ ಲೇಅಪ್ ಹಾಕಿದಳು.

ಮತ್ತೆ ಥ್ರೋ-ಇನ್, ಗೆರೆಯ ಹೊರಗಿನಿಂದ ಚೆಂಡು ಒಳಗೆ. ಈ ಸಲ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಹಾಕಿದ ತಪ್ಪು. ಅವರಿಗೆ ಇನ್ನೆರಡು ಪಾಯಿಂಟ್. ಮೂರನೇ ಸಲ ಪಾಸ್ ನೇರವಾಗಿ ಎದುರಾಳಿಯ ಕೈಗೇ ಹೋಯಿತು. ಅವರ ಶಾಟ್ ತಪ್ಪಿ ಸಿಡಿದ ಚೆಂಡು, ಅಂದರೆ ರೀಬೌಂಡ್, ನಮಗೇ ಸಿಕ್ಕಿತು, ಮರುಗಳಿಗೆಯಲ್ಲೇ ಅದನ್ನೂ ಕಳೆದುಕೊಂಡೆವು. ಮತ್ತೆರಡು ಪಾಯಿಂಟ್. ಸಾಲಾಗಿ ನಾಲ್ಕು ಸಲ ನಾವು ಮಧ್ಯದ ಗೆರೆಯನ್ನೇ ದಾಟಲಿಲ್ಲ. ಐದು ಮುಂದಿದ್ದವರು ಮೂರು ಹಿಂದೆ ಬಿದ್ದೆವು.

ತಂಡದ ಕೋಚ್ ನಾನು, ಸೈಡ್‌ಲೈನಿನಲ್ಲಿ ನಿಂತು ಒಂದೇ ಮಾತು ಕೂಗುತ್ತಿದ್ದೆ: "ಜೋಪಾನ! ಚೆಂಡು ಜೋಪಾನ!"

ಆ ದಿನ ನಮ್ಮ ಲೆಕ್ಕದ ಪುಸ್ತಕದಲ್ಲಿ ಬಿದ್ದದ್ದು 27 ಟರ್ನೋವರ್. ಶಾಟ್ ಹೊಡೆಯುವ ಮೊದಲೇ ಚೆಂಡು ಎದುರಾಳಿಗೆ ಹೋದರೆ ಅದು ಟರ್ನೋವರ್. ಕೆಟ್ಟ ಪಾಸ್, ಕೈಯಿಂದ ಜಾರಿದ ಚೆಂಡು, ಟ್ರಾವೆಲಿಂಗ್, ಚೆಂಡು ನಮ್ಮದಿದ್ದಾಗ ನಾವೇ ಮಾಡಿದ ಫೌಲ್, ಎದುರಾಳಿಯ ಬಾಸ್ಕೆಟ್ ಕೆಳಗಿನ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ತಪ್ಪು, ಎಂಟು ಸೆಕೆಂಡಿನಲ್ಲಿ ಮಧ್ಯದ ಗೆರೆ ದಾಟದ ತಪ್ಪು, ಶಾಟ್ ಹೊಡೆಯಲು ಸಿಗುವ 24 ಸೆಕೆಂಡು ಮುಗಿದುಹೋಗುವುದು, ಎಲ್ಲವೂ ಇದರಲ್ಲೇ ಸೇರುತ್ತವೆ. ಮ್ಯಾಚ್ ಸೋತೆವು. ಅದಕ್ಕೂ ಹಿಂದಿನ ಮೂರು ಮ್ಯಾಚ್‌ಗಳಲ್ಲಿ ಒಂದರಲ್ಲೂ ನಮ್ಮ ಟರ್ನೋವರ್ ಇಪ್ಪತ್ತಕ್ಕಿಂತ ಕೆಳಗೆ ಇಳಿದಿರಲಿಲ್ಲ.

ತಂಡದಲ್ಲಿ ಹನ್ನೆರಡು ಹುಡುಗಿಯರು. ಏಳು ಜನ ಮೊದಲನೇ ವರ್ಷದವರು. ಶಾಲೆಯ ಮಟ್ಟದಲ್ಲಿ ಇವರೆಲ್ಲ ಚೆನ್ನಾಗಿ ಆಡಿದವರೇ, ಕೈಯಲ್ಲಿ ಕಸುಬು ಇದ್ದವರೇ. ಆದರೆ ಅಲ್ಲಿ ತೆರೆದಿರುವ ಪಾಸಿನ ದಾರಿ ಒಂದು ಸೆಕೆಂಡು ತೆರೆದೇ ಇರುತ್ತದೆ. ಕಾಲೇಜು ಮಟ್ಟದಲ್ಲಿ ಅದು ಅರ್ಧ ಸೆಕೆಂಡಿನಲ್ಲಿ ಮುಚ್ಚಿಹೋಗುತ್ತದೆ. ಎದುರು ನಿಂತವರ ತೋಳು ಉದ್ದ, ಕಾಲು ಚುರುಕು, ಅನುಭವ ಎರಡು ಮೂರು ವರ್ಷ ಜಾಸ್ತಿ. ಈ ಅರ್ಧ ಸೆಕೆಂಡಿನ ವ್ಯತ್ಯಾಸ ನನಗೆ ಗೊತ್ತಿತ್ತು. ಗೊತ್ತಿದ್ದರೂ ನಾನು ಬೇರೆ ಕಡೆ ಮದ್ದು ಹುಡುಕಿದೆ.

ಮೊದಲು ಮಾಡಿದ ತಪ್ಪು

ಬಹಳ ಕೋಚ್‌ಗಳು ಮಾಡುವುದನ್ನೇ ಮಾಡಿದೆ. ಒಂದು ಟರ್ನೋವರ್‌ಗೆ ಕೋರ್ಟಿನ ಒಂದು ಓಟ. 27 ಅಂದರೆ 27 ಓಟ. ಮಾರನೇ ದಿನದ ಪ್ರಾಕ್ಟೀಸಿನಲ್ಲಿ ಹುಡುಗಿಯರು ಓಡಿದರು, ಒಂದು ಮಾತೂ ಆಡದೆ ಓಡಿದರು. ಅದರ ಜೊತೆಗೆ ಡ್ರಿಬಲಿಂಗ್ ಡ್ರಿಲ್, ಅಂದರೆ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಸಾಗುವ ಅಭ್ಯಾಸ, ಜಾಸ್ತಿ ಮಾಡಿಸಿದೆ. ಕೋನ್ ಸುತ್ತ ಡ್ರಿಬಲ್, ಎರಡು ಚೆಂಡಿನ ಡ್ರಿಬಲ್, ಎಡಗೈ ಡ್ರಿಬಲ್. ಇಬ್ಬಿಬ್ಬರು ಎದುರುಬದುರು ನಿಂತು ಎದೆಯಿಂದ ಪಾಸ್, ನೂರು ಸಲ.

ಮುಂದಿನ ಮ್ಯಾಚ್‌ನಲ್ಲಿ ಕೆಟ್ಟ ಪಾಸುಗಳು ಸ್ವಲ್ಪ ಕಡಿಮೆಯಾದವು. ಆದರೆ 24 ಸೆಕೆಂಡಿನ ಗಡಿಯಾರ ಮೂರು ಸಲ ನಮ್ಮ ಮೇಲೆ ಕೂಗಿತು. ಹಿಂದೆ ಹಾಗೆ ಆಗಿದ್ದೇ ಇಲ್ಲ. ಹುಡುಗಿಯರು ಪಾಸ್ ಕೊಡುವುದಕ್ಕೇ ಹೆದರುತ್ತಿದ್ದರು. ದಾರಿ ತೆರೆದಾಗ ಕೊಡುವುದಿಲ್ಲ. ಕೊಟ್ಟರೆ ತಪ್ಪಾದೀತು ಅಂತ ಹಿಡಿದುಕೊಂಡೇ ಇರುತ್ತಾರೆ. ದಾರಿ ಮುಚ್ಚಿದ ಮೇಲೆ ಬೇರೆ ಗತಿಯಿಲ್ಲದೆ ಕೊಡುತ್ತಾರೆ. ತಡವಾದ ಪಾಸಿಗಿಂತ ಕೆಟ್ಟ ಪಾಸ್ ಇನ್ನೊಂದಿಲ್ಲ. ಒಟ್ಟು ಲೆಕ್ಕ 25. ಅಷ್ಟು ಓಡಿಸಿ ಗಳಿಸಿದ್ದು ಎರಡು.

ನನಗೆ ಅತಿ ಬೇಸರ ತಂದದ್ದು ಬೇರೊಂದು. ಹನ್ನೊಂದನೇ ನಂಬರಿನ ಹುಡುಗಿ ನಮ್ಮಲ್ಲಿ ಅತ್ಯಂತ ಧೈರ್ಯವಾಗಿ ಪಾಸ್ ಕೊಡುತ್ತಿದ್ದವಳು. ಆ ಮ್ಯಾಚ್‌ನಲ್ಲಿ ಚೆಂಡು ಬಂದ ತಕ್ಷಣ ಅದನ್ನು ಬಂದ ಕಡೆಗೇ ವಾಪಸ್ ಕೊಟ್ಟುಬಿಡುತ್ತಿದ್ದಳು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ. ಅವಳ ಹೆಸರಿನ ಮುಂದೆ ಟರ್ನೋವರ್ ಸೊನ್ನೆ. ಪುಸ್ತಕ ನೋಡಿದವರಿಗೆ ಅದು ಒಳ್ಳೆ ಆಟ. ನನಗೆ ಒಬ್ಬ ಆಟಗಾರ್ತಿ ಕಣ್ಣೆದುರೇ ಕಳೆದುಹೋದ ಹಾಗೆ ಅನಿಸಿತು.

ಓಟದ ಶಿಕ್ಷೆಯನ್ನು ಆ ವಾರವೇ ನಿಲ್ಲಿಸಿದೆ. ಮತ್ತೆ ಯಾವತ್ತೂ ಮಾಡಿಸಿಲ್ಲ.

ಎಣಿಸುವುದು ಹೇಗೆ ಅನ್ನುವುದೇ ಎಲ್ಲ

ಆ ವಾರ ಕೂತು ಐದು ಮ್ಯಾಚ್‌ಗಳ ವಿಡಿಯೋವನ್ನು ಮತ್ತೆ ನೋಡಿದೆ. ಈ ಸಲ ಚೆಂಡು ಕಳೆದುಹೋದ ಕ್ಷಣವನ್ನು ನೋಡಲಿಲ್ಲ. ಅಲ್ಲಿಂದ ಎರಡು ಸೆಕೆಂಡು ಹಿಂದಕ್ಕೆ ಹೋಗಿ ನಿಲ್ಲಿಸಿ ನೋಡಿದೆ. ಚೆಂಡು ಇನ್ನೂ ನಮ್ಮ ಹುಡುಗಿಯ ಕೈಯಲ್ಲೇ ಇದೆ. ಈಗ ಉಳಿದ ನಾಲ್ವರು ಎಲ್ಲಿದ್ದಾರೆ? ಏನು ಮಾಡುತ್ತಿದ್ದಾರೆ?

ನಿಂತಿದ್ದಾರೆ. ಒಂದಲ್ಲ ಎರಡಲ್ಲ, ಬಹುಪಾಲು ಚಿತ್ರಗಳಲ್ಲಿ ನಾಲ್ವರೂ ಸುಮ್ನೆ ನಿಂತು ನೋಡುತ್ತಿದ್ದಾರೆ. ಮೊಣಕಾಲು ನೇರ, ಕೈ ಕೆಳಗೆ. ಅವರ ಮತ್ತು ಚೆಂಡಿನ ನಡುವೆ ಒಬ್ಬ ಡಿಫೆಂಡರ್. ಪಾಸ್ ಕೊಡಬೇಕಾದವಳಿಗೆ ಕಾಣುತ್ತಿರುವುದು ನಾಲ್ಕು ಮುಚ್ಚಿದ ಬಾಗಿಲು.

ಇನ್ನೊಂದು ಕಂಡದ್ದು ಹಿಡಿಯುವ ರೀತಿ. ಪಾಸ್ ಹೊರಟ ಮೇಲೆ ನಮ್ಮ ಹುಡುಗಿ ಚೆಂಡು ತನ್ನ ಹತ್ತಿರ ಬರಲಿ ಅಂತ ಕಾಯುತ್ತಾಳೆ. ಎದುರಾಳಿ ಕಾಯುವುದಿಲ್ಲ, ಚೆಂಡಿನ ಕಡೆ ನುಗ್ಗುತ್ತಾಳೆ. ಪುಸ್ತಕದಲ್ಲಿ ತಪ್ಪು ಬೀಳುವುದು ಪಾಸ್ ಕೊಟ್ಟವಳ ಹೆಸರಿಗೆ. ಹೀಗೆ ನಾಲ್ಕನೇ ನಂಬರಿನ ಹೆಸರಿನ ಮುಂದೆ ಗೆರೆಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳವಲ್ಲ ಅಂತ ಈಗ ಹೇಳುತ್ತೇನೆ. ಆಗ ಪ್ರತಿ ಸಲ ಅವಳನ್ನೇ ಬೈದಿದ್ದೆ.

ಹೊಸ ಪುಸ್ತಕ ಮಾಡಿದೆ. ಒಂದೊಂದು ಟರ್ನೋವರ್‌ಗೂ ಮೂರು ಕಲಂ. ಕೊಟ್ಟವಳು. ಹಿಡಿಯಬೇಕಾಗಿದ್ದವಳು. ಉಳಿದ ಮೂವರು. ತಪ್ಪು ಎಲ್ಲಿ ಶುರುವಾಯಿತೋ ಆ ಕಲಂನಲ್ಲಿ ಗುರುತು. ಪಕ್ಕದಲ್ಲಿ ಇನ್ನೊಂದು ಸಣ್ಣ ಗುರುತು: ಚೆಂಡು ಹೊರಗೆ ಹೋಗಿ ಆಟ ನಿಂತಿತೋ, ಅಥವಾ ಆಟ ನಿಲ್ಲದೆ ಎದುರಾಳಿಯ ಕೈಗೇ ಹೋಯಿತೋ?

ಈ ಕೊನೆಯ ಗುರುತನ್ನು ಬಹಳ ಜನ ಇಡುವುದಿಲ್ಲ, ಆದರೆ ಇಡಲೇಬೇಕು. ಟ್ರಾವೆಲಿಂಗ್ ಆದರೆ, ಚೆಂಡು ಹೊರಗೆ ಹೋದರೆ, ರೆಫರಿ ಸೀಟಿ ಊದುತ್ತಾರೆ. ನಾವು ವಾಪಸ್ ಬಂದು ಡಿಫೆನ್ಸ್‌ಗೆ ನಿಲ್ಲುವಷ್ಟು ಸಮಯ ಸಿಗುತ್ತದೆ. ಚೆಂಡು ಸ್ಟೀಲ್ ಆದರೆ, ಅಂದರೆ ಎದುರಾಳಿ ಕಸಿದುಕೊಂಡರೆ, ಹಾಗಲ್ಲ. ನಮ್ಮ ಐವರೂ ಮುಂದಕ್ಕೆ ಮುಖ ಮಾಡಿರುತ್ತಾರೆ, ಅವರು ನಮ್ಮ ಬೆನ್ನ ಹಿಂದಿನ ಬಾಸ್ಕೆಟ್ ಕಡೆ ಓಡುತ್ತಿರುತ್ತಾರೆ, ಅಲ್ಲಿ ಕಾಯುವವರಿಲ್ಲ. ಎರಡೂ ಒಂದೊಂದು ಟರ್ನೋವರ್ ಅಂತಲೇ ಲೆಕ್ಕ, ಆದರೆ ಎರಡನೆಯದರ ಪೆಟ್ಟು ಎಷ್ಟೋ ದೊಡ್ಡದು. ನಮ್ಮ 27ರಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು.

ಸುಮ್ನೆ ಒಟ್ಟು ಸಂಖ್ಯೆ ನೋಡಿದರೂ ಸಾಲದು. ವೇಗವಾಗಿ ಆಡುವ ತಂಡಕ್ಕೆ ಚೆಂಡು ಜಾಸ್ತಿ ಸಲ ಸಿಗುತ್ತದೆ, ಹಾಗಾಗಿ ಟರ್ನೋವರ್ ಕೂಡ ಜಾಸ್ತಿ ಕಾಣುತ್ತದೆ. ಅದಕ್ಕೇ ಶೇಕಡಾ ಲೆಕ್ಕ ಹಾಕುತ್ತಾರೆ. ಹೊಡೆದ ಶಾಟ್‌ಗಳು, ಫ್ರೀ ಥ್ರೋಗಳ (ಫೌಲ್‌ಗೆ ಸಿಗುವ ತಡೆಯಿಲ್ಲದ ಶಾಟ್‌ಗಳ) 0.44 ಪಾಲು, ಟರ್ನೋವರ್, ಈ ಮೂರನ್ನೂ ಕೂಡಿಸಿ, ಬಂದ ಮೊತ್ತದಿಂದ ಟರ್ನೋವರ್ ಸಂಖ್ಯೆಯನ್ನು ಭಾಗಿಸಬೇಕು. ಆ ದಿನ ನಾವು 48 ಶಾಟ್ ಹೊಡೆದಿದ್ದೆವು, 16 ಫ್ರೀ ಥ್ರೋ, 27 ಟರ್ನೋವರ್. ಕೂಡಿಸಿದರೆ ಸುಮಾರು 82. ಅದರಲ್ಲಿ 27 ಅಂದರೆ ಶೇಕಡಾ 33. ಮೂರು ಸಲ ಚೆಂಡು ಸಿಕ್ಕಿದರೆ ಒಂದು ಸಲ ಶಾಟ್ ಇಲ್ಲದೆಯೇ ಬಿಟ್ಟುಕೊಟ್ಟಿದ್ದೇವೆ.

ಬಾಸ್ಕೆಟ್‌ಬಾಲ್ ಅಂಕಿಅಂಶದಲ್ಲಿ ಹೆಸರು ಮಾಡಿದ ಅಮೆರಿಕದ ಡೀನ್ ಆಲಿವರ್ ಗೆಲುವಿಗೆ ನಾಲ್ಕು ಕಾರಣಗಳನ್ನು ಗುರುತಿಸಿದರು. ಶಾಟ್ ಬೀಳುವುದು, ಚೆಂಡು ಕಳೆದುಕೊಳ್ಳದಿರುವುದು, ರೀಬೌಂಡ್, ಫ್ರೀ ಥ್ರೋ. ಅವರು ಕೊಟ್ಟ ತೂಕ ಇದೇ ಕ್ರಮದಲ್ಲಿ ಸುಮಾರು 40, 25, 20, 15. ಅಂದರೆ ಶಾಟ್ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಹೊಸಬರ ತಂಡಕ್ಕೆ ಇದರಲ್ಲಿ ಒಂದು ಸಮಾಧಾನವೂ ಇದೆ. ಶಾಟ್ ಸುಧಾರಿಸಲು ವರ್ಷಗಳೇ ಬೇಕು. ಟರ್ನೋವರ್ ಕಡಿಮೆ ಮಾಡಲು ಒಂದು ಸೀಸನ್ ಸಾಕು. ಹತ್ತು ಟರ್ನೋವರ್ ಉಳಿಸಿದರೆ ಹತ್ತು ಶಾಟ್ ಜಾಸ್ತಿ. ಹತ್ತರಲ್ಲಿ ನಾಲ್ಕೇ ಬಿದ್ದರೂ ಎಂಟು ಪಾಯಿಂಟ್. ಎದುರಾಳಿಗೆ ತಪ್ಪಿದ ಲೇಅಪ್‌ಗಳು ಬೇರೆ.

ವಿಡಿಯೋ ಕೋಣೆಯಲ್ಲಿ

ಹುಡುಗಿಯರನ್ನು ಕೂರಿಸಿ ಆ ಮೂರನೇ ಕ್ವಾರ್ಟರಿನ ನಾಲ್ಕು ತುಣುಕುಗಳನ್ನು ತೋರಿಸಿದೆ. ಪ್ರತಿ ತುಣುಕನ್ನೂ ಚೆಂಡು ಕೈಬಿಡುವ ಮೊದಲೇ ನಿಲ್ಲಿಸಿದೆ. ಏನೂ ವಿವರಿಸಲಿಲ್ಲ. "ಈಗ ನೀವು ನಾಲ್ಕನೇ ನಂಬರ್. ಯಾರಿಗೆ ಕೊಡ್ತೀರಿ?" ಅಂತ ಮಾತ್ರ ಕೇಳಿದೆ.

ಯಾರೂ ಉತ್ತರ ಕೊಡಲಿಲ್ಲ. ಮೊದಲ ತುಣುಕು ಪರದೆಯ ಮೇಲೆ ನಿಂತೇ ಇತ್ತು. ನಾಲ್ಕನೇ ನಂಬರಿನವಳು ತಲೆ ಬಗ್ಗಿಸಿ ಶೂ ಲೇಸ್ ನೋಡುತ್ತಿದ್ದಳು. ಅವಳಿಗೆ ಇದು ಇನ್ನೊಂದು ಬೈಗುಳದ ಪೀಠಿಕೆ ಅನಿಸಿರಬೇಕು.

ಆಗ ಹನ್ನೊಂದನೇ ನಂಬರಿನವಳು ಎದ್ದು ಪರದೆಯ ಹತ್ತಿರ ಹೋದಳು. ಮಧ್ಯದ ಗೆರೆಯ ಹತ್ತಿರ ನಿಂತಿದ್ದ ಒಂದು ಆಕೃತಿಯ ಮೇಲೆ ಬೆರಳಿಟ್ಟು, "ಮೇಡಂ, ಇಲ್ಲಿ ಸುಮ್ನೆ ನಿಂತಿರೋದು ನಾನೇ ಅಲ್ವಾ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು ನಾಲ್ಕನೇ ನಂಬರಿನವಳ ಕಡೆ ತಿರುಗಿ, "ನಾನು ಬಂದಿದ್ರೆ ನೀನು ಕೊಡ್ತಿದ್ದೆ ಕಣೇ" ಅಂದಳು.

ನಾಲ್ಕನೇ ನಂಬರಿನವಳು ತಲೆ ಎತ್ತಿದಳು. ಅಲ್ಲಿಂದ ಮುಂದೆ ನಾನು ಹೆಚ್ಚು ಮಾತಾಡುವ ಅಗತ್ಯ ಬರಲಿಲ್ಲ. ಉಳಿದ ಮೂರು ತುಣುಕುಗಳನ್ನು ಅವರವರೇ ಬಿಡಿಸಿದರು. ನಾನು ಅವಳ ಹತ್ತಿರ ಎಲ್ಲರ ಎದುರಿಗೇ ಕ್ಷಮೆ ಕೇಳಿದೆ. ಬೈದದ್ದು ಎಲ್ಲರ ಎದುರಿಗೆ ತಾನೆ?

ಕಾಲಿನಿಂದ ಶುರು

ಪ್ರಾಕ್ಟೀಸ್ ಪೂರ್ತಿ ಬದಲಾಯಿತು. ಮೊದಲು ಹೊರಗೆ ಹೋದದ್ದು ಎದುರುಬದುರು ನಿಂತು ನೂರು ಪಾಸ್ ಕೊಡುವ ಡ್ರಿಲ್. ಅದರಲ್ಲಿ ಡಿಫೆಂಡರ್ ಇಲ್ಲ, ಯಾರಿಗೆ ಕೊಡಲಿ ಅನ್ನುವ ಪ್ರಶ್ನೆಯೇ ಇಲ್ಲ. ಮ್ಯಾಚ್‌ನಲ್ಲಿ ಕೈ ತಪ್ಪುವುದಿಲ್ಲ, ತೀರ್ಮಾನ ತಪ್ಪುತ್ತದೆ. ಹಾಗಾಗಿ ಪಾಸಿನ ಪ್ರತಿ ಅಭ್ಯಾಸದಲ್ಲೂ ಎದುರಾಳಿ ಇರಲೇಬೇಕು ಅಂತ ಗಟ್ಟಿ ಮಾಡಿಕೊಂಡೆ. ಮೂವರ ಮೇಲೆ ಮೂವರು, ನಾಲ್ವರ ಮೇಲೆ ನಾಲ್ವರು, ಸಣ್ಣ ಜಾಗ.

ಮೊದಲ ಮೂರು ವಾರ ದಿನಾ ಆಡಿಸಿದ್ದು ಡ್ರಿಬಲ್ ಇಲ್ಲದ ಆಟ. ನಾಲ್ವರ ಮೇಲೆ ನಾಲ್ವರು, ಅರ್ಧ ಕೋರ್ಟ್, ಚೆಂಡನ್ನು ನೆಲಕ್ಕೆ ಬಡಿಯುವಂತಿಲ್ಲ. ಡ್ರಿಬಲ್ ಇಲ್ಲ ಅಂದರೆ ಚೆಂಡು ಹಿಡಿದವಳು ಅಲ್ಲೇ ಸಿಕ್ಕಿಬಿದ್ದಳು ಅಂತ ಅರ್ಥ. ಉಳಿದವರು ಓಡಾಡಲೇಬೇಕು. ಮೊದಲ ದಿನ ಆಟ ನೋಡಲಾಗುತ್ತಿರಲಿಲ್ಲ. ಹತ್ತಿರ ಹಿಡಿದು ಕಾಯುತ್ತಿರುವ ಡಿಫೆಂಡರ್ ಎದುರು ಐದು ಸೆಕೆಂಡು ಚೆಂಡು ಹಿಡಿದು ನಿಂತರೆ ತಪ್ಪು, ಆ ತಪ್ಪಿಗೆ ಮತ್ತೆ ಮತ್ತೆ ಸೀಟಿ ಊದಿದೆ. ಒಂದು ವಾರದ ಕೊನೆಗೆ ಹುಡುಗಿಯರೇ ಕೂಗಿಕೊಳ್ಳಲು ಶುರು ಮಾಡಿದರು: "ಬಾರೇ! ಚೆಂಡಿನ ಕಡೆ ಬಾ!"

ಹಿಡಿಯುವವಳಿಗೆ ಮೂರು ಕೆಲಸ ಹೇಳಿಕೊಟ್ಟೆ. ಬಾಸ್ಕೆಟ್ ಕಡೆ ಎರಡು ಹೆಜ್ಜೆ ನಿಧಾನ ಹೋಗಿ, ಕಾಲೂರಿ, ತಟ್ಟನೆ ಹೊರಗೆ ಬರುವುದು. ವಿ-ಕಟ್ ಅಂತಾರಲ್ಲ, ಅದೇ. ನಿಧಾನ ಹೋಗಿ ಜೋರಾಗಿ ಬರಬೇಕು, ಇದರಲ್ಲೇ ಎಲ್ಲ ಗುಟ್ಟು. ಎರಡೂ ಒಂದೇ ವೇಗವಾದರೆ ಡಿಫೆಂಡರ್ ಜೊತೆಯಲ್ಲೇ ಬರುತ್ತಾಳೆ. ಎರಡನೆಯದು, ಡಿಫೆಂಡರ್ ಇಲ್ಲದ ಕಡೆಯ ಕೈ ಚಾಚಿ ತೋರಿಸುವುದು. ಮೂರನೆಯದು, ಪಾಸ್ ಹೊರಟ ಮೇಲೂ ನಿಲ್ಲದೆ ಚೆಂಡಿನ ಕಡೆ ಒಂದು ಹೆಜ್ಜೆ ಹಾಕಿ ಹಿಡಿಯುವುದು. ಡಿಫೆಂಡರ್ ತೀರಾ ಅಡ್ಡ ನಿಂತಿದ್ದರೆ ಮುಷ್ಟಿ ತೋರಿಸಿ ಅವಳ ಬೆನ್ನ ಹಿಂದಿನಿಂದ ಬಾಸ್ಕೆಟ್‌ಗೆ ನುಗ್ಗುವುದು. ಇದೇ ಬ್ಯಾಕ್‌ಡೋರ್. ಅದು ಎರಡು ಸಲ ಬಿದ್ದರೆ ಸಾಕು, ಆಮೇಲೆ ಯಾವ ಡಿಫೆಂಡರ್ ಕೂಡ ಅಷ್ಟು ಧೈರ್ಯವಾಗಿ ಅಡ್ಡ ನಿಲ್ಲುವುದಿಲ್ಲ.

ಕೊಡುವವಳಿಗೆ ಎರಡೇ ಕೆಲಸ. ಎರಡೂ ಕಾಲಿನ ಮೇಲೆ ಒಟ್ಟಿಗೆ ನಿಲ್ಲುವುದು, ಅಂದರೆ ಜಂಪ್ ಸ್ಟಾಪ್. ಓಡುತ್ತಾ ಪಾಸ್ ಕೊಡುವುದು ಹೊಸಬರಿಗೆ ಬೇಡ. ಗಾಳಿಯಲ್ಲಿ ಚೆಂಡು ಹಿಡಿದು ಎರಡೂ ಕಾಲು ಒಟ್ಟಿಗೆ ಊರಿದರೆ ಯಾವ ಕಾಲನ್ನು ಬೇಕಾದರೂ ಪಿವೋಟ್, ಅಂದರೆ ಊರಿಕೊಂಡು ತಿರುಗುವ ಕಾಲು, ಮಾಡಬಹುದು, ಎರಡು ಕಡೆಗೂ ತಿರುಗಬಹುದು. ಇನ್ನೊಂದು ಕೆಲಸ, ಡಿಫೆಂಡರ್‌ನ ಕೈ ನೋಡುವುದು. ಅವಳ ಕೈ ಮೇಲಿದ್ದರೆ ಕೆಳಗಿನಿಂದ ಬೌನ್ಸ್, ಕೈ ಕೆಳಗಿದ್ದರೆ ಅವಳ ಕಿವಿಯ ಪಕ್ಕದಿಂದ ನೇರ. ಕೈ ಬೇಕಾದ ಕಡೆ ಇಲ್ಲದಿದ್ದರೆ ಸುಳ್ಳು ಪಾಸ್ ತೋರಿಸಿ ಕೈಯನ್ನು ಅಲ್ಲಿಗೆ ಕಳಿಸುವುದು. ಮೇಲೆ ಕೊಡುವ ಹಾಗೆ ಮಾಡು, ಅವಳ ಕೈ ಮೇಲೆ ಹೋಗುತ್ತದೆ, ಕೆಳಗೆ ಕೊಡು.

ಟ್ರಾವೆಲಿಂಗ್ ಬಗ್ಗೆ ಒಂದು ಮಾತು. 2017ರ ಅಕ್ಟೋಬರ್‌ನಿಂದ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲಿ ಓಡುತ್ತಾ ಚೆಂಡು ಹಿಡಿದಾಗಿನ ಹೆಜ್ಜೆಯನ್ನು ಎಣಿಸುವ ರೀತಿ ಬದಲಾಗಿ, ಒಂದು ಹೆಜ್ಜೆ ಜಾಸ್ತಿ ಸಿಗುವ ಹಾಗಾಗಿದೆ. ಅದನ್ನು ತಿಳಿದುಕೊಂಡ ಹುಡುಗಿಯರು ಇನ್ನೊಂದು ಹೆಜ್ಜೆ ಯಾವಾಗಲೂ ಸಿಗುತ್ತದೆ ಅಂದುಕೊಂಡಿದ್ದರು. ನಿಂತಲ್ಲಿಂದ ಡ್ರಿಬಲ್ ಶುರು ಮಾಡುವಾಗ ಆ ರಿಯಾಯಿತಿ ಇಲ್ಲ. ಪಿವೋಟ್ ಕಾಲು ನೆಲ ಬಿಡುವ ಮೊದಲು ಚೆಂಡು ಕೈ ಬಿಡಬೇಕು. ನಮ್ಮ ಟ್ರಾವೆಲಿಂಗ್‌ಗಳಲ್ಲಿ ಹೆಚ್ಚಿನವು ಇಲ್ಲೇ. ಗೋಡೆಯ ಹತ್ತಿರ ನಿಂತು, ಮೊದಲು ಚೆಂಡು ಆಮೇಲೆ ಕಾಲು ಅಂತ ದಿನಾ ಐದು ನಿಮಿಷ ಮಾಡಿಸಿದೆವು. ಎರಡು ವಾರದಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಯಿತು.

ಪ್ರೆಸ್ ಎಂಬ ಭಯ

ನಮ್ಮ ದೊಡ್ಡ ಗಾಯ ಇದೇ. ನಮಗೆ ಪ್ರೆಸ್ ಒಡೆಯಲು ಬರುವುದಿಲ್ಲ ಅನ್ನುವ ಸುದ್ದಿ ಎಲ್ಲ ತಂಡಗಳಿಗೂ ಹರಡಿತ್ತು.

ಪ್ರೆಸ್ ಹಾಕುವವರಿಗೆ ಬೇಕಾದ್ದು ಚೆಂಡಲ್ಲ, ಗಾಬರಿ. 1-2-1-1 ಪ್ರೆಸ್‌ನಲ್ಲಿ, ಅಂದರೆ ಮುಂದೆ ಒಬ್ಬಳು, ಅವಳ ಹಿಂದೆ ಇಬ್ಬರು, ಆಮೇಲೆ ಒಬ್ಬೊಬ್ಬರೇ ನಿಲ್ಲುವ ಪ್ರೆಸ್‌ನಲ್ಲಿ, ಮೊದಲ ಪಾಸನ್ನು ಮೂಲೆಗೆ ಹೋಗಲು ಬಿಡುತ್ತಾರೆ, ಹೋದ ತಕ್ಷಣ ಇಬ್ಬರು ಬಂದು ಮುತ್ತುತ್ತಾರೆ. ಮೂಲೆಯಲ್ಲಿ ಎರಡು ಗೆರೆಗಳೂ ಅವರ ಪರವಾಗಿ ಆಡುತ್ತವೆ. ಹಿಂದೆ ಹೋಗುವಂತಿಲ್ಲ, ಪಕ್ಕಕ್ಕೆ ಹೋಗುವಂತಿಲ್ಲ. ಅಲ್ಲಿಂದ ಹೊರಡುವ ಎತ್ತರದ ಪಾಸನ್ನು ಹಿಡಿಯಲು ಹಿಂದೆ ಒಬ್ಬಳು ಕಾಯುತ್ತಿರುತ್ತಾಳೆ. ಆ ಮೂರನೇ ಕ್ವಾರ್ಟರಿನಲ್ಲಿ ಆದದ್ದು ಅಕ್ಷರಶಃ ಇದೇ.

ಇದರಲ್ಲೇ ಅದರ ಮದ್ದೂ ಇದೆ. ಒಬ್ಬಳ ಮೇಲೆ ಇಬ್ಬರು ಬಂದರೆ ಉಳಿದ ನಮ್ಮ ನಾಲ್ವರನ್ನು ಕಾಯುವುದು ಮೂವರೇ. ಯಾರೋ ಒಬ್ಬಳು ಖಾಲಿ ಇದ್ದೇ ಇರುತ್ತಾಳೆ. ಅವಳು ಸಿಗಬೇಕಷ್ಟೆ.

ಮೂರು ಬಾಗಿಲು ಅಂತ ಹೆಸರಿಟ್ಟೆವು. ಚೆಂಡು ಯಾರ ಹತ್ತಿರವಿದ್ದರೂ ಅವಳಿಗೆ ಮೂರು ಬಾಗಿಲು ಇರಬೇಕು. ಹಿಂದಿನ ಬಾಗಿಲು, ಅಂದರೆ ಥ್ರೋ-ಇನ್ ಕೊಟ್ಟವಳೇ ಕೋರ್ಟಿನೊಳಗೆ ಬಂದು ಚೆಂಡಿಗಿಂತ ಹಿಂದೆ ನಿಲ್ಲುವುದು. ನಡುವಿನ ಬಾಗಿಲು, ನಮ್ಮ ಎತ್ತರದ ಹುಡುಗಿ ಮಧ್ಯದ ಗೆರೆಯಿಂದ ಚೆಂಡಿನ ಕಡೆ ಓಡಿ ಬರುವುದು. ಮುಂದಿನ ಬಾಗಿಲು, ಚೆಂಡಿರುವ ಕಡೆಯ ಸೈಡ್‌ಲೈನಿನಲ್ಲಿ ಒಬ್ಬಳು. ಐದನೆಯವಳು ದೂರದ ಬದಿಯಲ್ಲಿ, ಡಿಫೆನ್ಸನ್ನು ಅಗಲ ಮಾಡುವುದಕ್ಕೆ. ಹಿಡಿಯುವ ಜಾಗವನ್ನೂ ಬದಲಿಸಿದೆವು. ಮೂಲೆಯಲ್ಲಿ ಹಿಡಿಯುವುದು ಬಂದ್. ಬಾಸ್ಕೆಟ್ ಬಿದ್ದ ಮೇಲಿನ ಥ್ರೋ-ಇನ್‌ನಲ್ಲಿ ಕೊಡುವವಳು ಎಂಡ್‌ಲೈನ್ ಹಿಂದೆ ಓಡಾಡಬಹುದು, ನಿಯಮ ಬಿಡುತ್ತದೆ. ನಮ್ಮ ಹುಡುಗಿಯರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ದಿನ ಅವರ ಮುಖದಲ್ಲಿ ಬಂದ ಖುಷಿ ನೆನಪಿದೆ.

ಮುತ್ತಿಕೊಂಡವರ ನಡುವೆ ಸಿಕ್ಕಿಬಿದ್ದರೆ ಏನು ಮಾಡಬೇಕು? ಚೆಂಡು ಎತ್ತಿ ಹಿಡಿಯಬೇಡ, ಡ್ರಿಬಲ್ ನಿಲ್ಲಿಸಬೇಡ. ಇಬ್ಬರು ಬರುವುದು ಕಂಡ ಕೂಡಲೇ ಡ್ರಿಬಲ್ ಮಾಡುತ್ತಲೇ ಎರಡು ಹೆಜ್ಜೆ ಹಿಂದೆ ಸರಿ. ಆ ಎರಡು ಹೆಜ್ಜೆಯಲ್ಲಿ ಅವರಿಬ್ಬರ ನಡುವೆ ಜಾಗ ಕಾಣುತ್ತದೆ, ಬಾಗಿಲುಗಳೂ ಕಾಣುತ್ತವೆ. ಹಿಂದೆ ಸರಿದರೆ ಸೋತ ಹಾಗೆ ಅಂತ ನಾಲ್ಕನೇ ನಂಬರಿನವಳಿಗೆ ಅನಿಸುತ್ತಿತ್ತು. ಅದನ್ನು ಬಿಡಿಸಲು ಬಹಳ ದಿನ ಹಿಡಿಯಿತು.

ಇನ್ನು ಎಂಟು ಸೆಕೆಂಡು. ನಮ್ಮ ಕಡೆಯಿಂದ ಮಧ್ಯದ ಗೆರೆ ದಾಟಲು ಸಿಗುವ ಸಮಯ ಅದು. ಹುಡುಗಿಯರು ಅದನ್ನು ಎರಡು ಸೆಕೆಂಡು ಎಂಬಂತೆ ಆಡುತ್ತಿದ್ದರು. ಒಂದು ದಿನ ಎಲ್ಲರನ್ನೂ ಕೋರ್ಟಿನ ನಡುವೆ ನಿಲ್ಲಿಸಿ ಕಣ್ಣು ಮುಚ್ಚಿಸಿದೆ. "ಎಂಟು ಸೆಕೆಂಡು ಆಯ್ತು ಅನಿಸಿದಾಗ ಕೈ ಎತ್ತಿ" ಅಂದೆ. ನಾಲ್ಕಕ್ಕೆ ಮೊದಲ ಕೈ ಎದ್ದಿತು. ಆರರ ಒಳಗೆ ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ. ಎಂಟಕ್ಕೆ ನಾನು ಚಪ್ಪಾಳೆ ತಟ್ಟಿದಾಗ ಕಣ್ಣು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. "ಇಷ್ಟೊಂದು ಟೈಮ್ ಇದ್ಯಾ ಮೇಡಂ?" ಅಂತ ಒಬ್ಬಳು ಕೇಳಿದಳು. ಅವತ್ತಿನಿಂದ, 24ರಿಂದ ಇಳಿಯುವ ಗಡಿಯಾರದಲ್ಲಿ 20 ಕಾಣುತ್ತಿದ್ದರೆ ಇನ್ನೂ ಅರ್ಧ ಸಮಯ ಬಾಕಿ ಇದೆ ಅಂತ ನೋಡಿಕೊಳ್ಳುವುದು ಅಭ್ಯಾಸವಾಯಿತು.

ಆಮೇಲೆ ಐವರ ಮೇಲೆ ಏಳು ಜನ. ಪ್ರಾಕ್ಟೀಸಿನಲ್ಲಿ ಏಳು ಡಿಫೆಂಡರ್‌ಗಳ ಪ್ರೆಸ್ ಒಡೆದು ಮಧ್ಯದ ಗೆರೆ ದಾಟಬೇಕು. ಮೊದಮೊದಲು ಹತ್ತರಲ್ಲಿ ಎರಡು ಸಲ ದಾಟಿದರೆ ದೊಡ್ಡದು. ನಾನು ಸೀಟಿ ಊದಲಿಲ್ಲ, ಬೈಯಲಿಲ್ಲ, ಓಡಿಸಲಿಲ್ಲ. ಚೆಂಡು ಹೋಯಿತಾ, ಮತ್ತೆ ಶುರು. ಏಳು ಜನರ ಕೈ ನೋಡಿ ನೋಡಿ ಅಭ್ಯಾಸವಾದವರಿಗೆ ಮ್ಯಾಚ್‌ನಲ್ಲಿ ಐವರು ನಿಂತಾಗ ಕೋರ್ಟ್ ಖಾಲಿ ಖಾಲಿ ಕಾಣುತ್ತದೆ.

ಕೈಕೊಟ್ಟದ್ದು

ಎಲ್ಲವೂ ಸರಿಹೋಗಲಿಲ್ಲ. ಡ್ರಿಬಲ್ ಇಲ್ಲದ ಆಟವನ್ನು ನಾನು ಜಾಸ್ತಿಯೇ ಆಡಿಸಿಬಿಟ್ಟೆ. ನಡುವೆ ಎರಡು ಮ್ಯಾಚ್‌ಗಳಲ್ಲಿ ಹುಡುಗಿಯರು ಪಾಸ್ ಮೇಲೆ ಪಾಸ್ ಕೊಟ್ಟರು, ಬಾಸ್ಕೆಟ್‌ಗೆ ನುಗ್ಗುವುದನ್ನೇ ಮರೆತರು. ಟರ್ನೋವರ್ ಇಳಿಯಿತು, ಸ್ಕೋರ್ ಕೂಡ ಇಳಿಯಿತು. ಒಂದು ಮ್ಯಾಚ್‌ನಲ್ಲಿ 14 ಟರ್ನೋವರ್, ಆವರೆಗಿನ ನಮ್ಮ ಅತಿ ಕಡಿಮೆ. ಆದರೂ ಕೆಟ್ಟದಾಗಿ ಸೋತೆವು. ಅದೇ ವಾರ ನಿಯಮ ಬದಲಿಸಿದೆ: ಒಂದು ಡ್ರಿಬಲ್ ಮಾಡಬಹುದು, ಆದರೆ ಬಾಸ್ಕೆಟ್ ಕಡೆಗೆ ಮಾತ್ರ.

ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಹೇಳುತ್ತೇನೆ. ಟರ್ನೋವರ್ ಸೊನ್ನೆ ಮಾಡುವುದು ಗುರಿ ಅಲ್ಲ. ಖಾಲಿ ಇರುವ ಗೆಳತಿಗೆ ಕೊಡಲು ಹೋಗಿ ಒಂದು ಬೆರಳಿನ ಅಂತರದಲ್ಲಿ ತಪ್ಪಿದರೆ, ಆ ಪಾಸನ್ನು ಮತ್ತೆ ಕೊಡು ಅಂತಲೇ ನಾನು ಹೇಳುತ್ತೇನೆ. ಹೋಗಬೇಕಾದ್ದು ಗಾಬರಿಯ ಪಾಸ್, ನಿಂತು ಹಿಡಿಯುವ ಪಾಸ್, ಸಿಕ್ಕಿಬಿದ್ದು ಎಸೆಯುವ ಪಾಸ್.

ಇನ್ನೊಂದು ಬಗೆಹರಿಯದ್ದು ಪೋಸ್ಟ್‌ಗೆ ಕೊಡುವ ಪಾಸ್. ಬಾಸ್ಕೆಟ್ ಹತ್ತಿರ ಬೆನ್ನು ಕೊಟ್ಟು ನಿಂತ ಎತ್ತರದ ಹುಡುಗಿಗೆ ಚೆಂಡು ತಲುಪಿಸುವುದು ಈಗಲೂ ನಮಗೆ ಕಷ್ಟವೇ. ಕೊಡುವ ಕೋನ ತಪ್ಪುತ್ತದೆ, ಮೇಲಿನಿಂದ ಕೊಡಲು ಹೋಗುತ್ತಾರೆ. ಒಂದು ಡ್ರಿಬಲ್ ಮಾಡಿ ಕೆಳಗೆ ಇಳಿದು ಕೋನ ಸರಿಮಾಡಿಕೊಂಡರೆ ಆಗುವ ಕೆಲಸ ಅದು. ಸೀಸನ್ ಮುಗಿದ ಮೇಲೆ ಅದನ್ನೇ ಹಿಡಿದು ಕೂತಿದ್ದೇವೆ.

ಅದೇ ಎದುರಾಳಿ, ಎರಡನೇ ಸಲ

ಸೀಸನ್ ಕೊನೆಯಲ್ಲಿ ಅದೇ ತಂಡ ಮತ್ತೆ ಎದುರಾಯಿತು. ಮೊದಲ ಕ್ವಾರ್ಟರಿನಿಂದಲೇ ಪ್ರೆಸ್ ಹಾಕಿದರು. ಹಾಕದೆ ಇರುತ್ತಾರಾ?

ಮೊದಲ ಎರಡು ಸಲ ತಡವರಿಸಿದೆವು. ಒಂದು ಸಲ ಚೆಂಡು ಹೋಯಿತು ಕೂಡ. ಮೂರನೇ ಸಲ ನಾಲ್ಕನೇ ನಂಬರಿನವಳ ಕಡೆ ಇಬ್ಬರು ಓಡಿ ಬಂದರು. ಅವಳು ಚೆಂಡು ಎತ್ತಲಿಲ್ಲ. ಡ್ರಿಬಲ್ ಮಾಡುತ್ತಲೇ ಎರಡು ಹೆಜ್ಜೆ ಹಿಂದೆ ಸರಿದಳು. ತಲೆ ಮೇಲಿತ್ತು, ಕಣ್ಣು ಮುಂದಿತ್ತು. ನಡುವಿನಿಂದ ಹನ್ನೊಂದನೇ ನಂಬರಿನವಳು ಕೈ ಚಾಚಿಕೊಂಡು ಚೆಂಡಿನ ಕಡೆ ಓಡಿ ಬರುತ್ತಿದ್ದಳು. ಸುಳ್ಳು ಪಾಸ್ ಮೇಲೆ, ನಿಜವಾದ ಪಾಸ್ ಕೆಳಗೆ. ಹನ್ನೊಂದು ಹಿಡಿದಳು, ಎರಡೂ ಕಾಲೂರಿ ನಿಂತಳು, ತಿರುಗಿದಳು. ಎದುರಿಗೆ ನಮ್ಮವರು ಇಬ್ಬರು, ಅವರವಳು ಒಬ್ಬಳು. ಲೇಅಪ್.

ಆ ದಿನ 58 ಶಾಟ್, 18 ಫ್ರೀ ಥ್ರೋ, 15 ಟರ್ನೋವರ್. ಶೇಕಡಾವಾರು ಹತ್ತೊಂಬತ್ತರ ಹತ್ತಿರ. ನಾಲ್ಕು ಪಾಯಿಂಟ್‌ಗಳಿಂದ ಗೆದ್ದೆವು. ಎರಡನೇ ಅರ್ಧದಲ್ಲಿ ಅವರು ಪ್ರೆಸ್ ಹಾಕುವುದನ್ನೇ ಬಿಟ್ಟರು.

ಮ್ಯಾಚ್ ಮುಗಿದು ನಾನು ಪುಸ್ತಕ ಮುಚ್ಚುವ ಮೊದಲೇ ನಾಲ್ಕನೇ ನಂಬರಿನವಳು ಬಂದು ಪಕ್ಕದಲ್ಲಿ ಕೂತಳು. ಬೆವರು ಒರೆಸಿಕೊಂಡು ಕಲಂಗಳ ಮೇಲೆ ಬೆರಳಾಡಿಸಿದಳು. ಒಂದು ಗುರುತಿನ ಹತ್ತಿರ ನಿಲ್ಲಿಸಿ, "ಮೇಡಂ, ಇದನ್ನ ಹಿಡಿಯೋಳ ಕಲಂಗೆ ಹಾಕಿದ್ದೀರಿ. ಅವಳು ಬಂದಿದ್ಲು. ನಾನೇ ತಡ ಮಾಡ್ದೆ" ಅಂದಳು. ಪೆನ್ ಅವಳ ಕೈಗೇ ಕೊಟ್ಟೆ. ಆ ಗುರುತನ್ನು ಹೊಡೆದುಹಾಕಿ ತನ್ನ ಕಲಂಗೆ ಹಾಕಿಕೊಂಡಳು.